ಕಂಕುಳಲ್ಲಿ ಬಿಗಿಯಾದ ಕೋಟು

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಹಿರಿಯರೊಬ್ಬರ ಕಂಕುಳಿನ ವಿಷಯವನ್ನು ಊರ ಮುಂದೆ ಹೇಳುವುದು ಮರ್ಯಾದೆಯಲ್ಲ ಎಂಬುದು ನನಗೂ ಗೊತ್ತು. ಅದರಲ್ಲೂ ಅದು ಹೆಣ್ಣು ಕೊಟ್ಟ ಮಾವನ ಕಂಕುಳು. ಈ ಪದದ ಬದಲು ಇನ್ನೂ ಸಭ್ಯವಾದ ಪದ ಹಾಕೋಣವೆಂದು ಬಹಳ ಹುಡುಕಿದೆ, ಸಿಗಲಿಲ್ಲ. ಓದುವವರು ದೊಡ್ಡ ಮನಸ್ಸು ಮಾಡಬೇಕು. ತಪ್ಪಿದ್ದರೆ ತಿದ್ದಬೇಕು. ತಪ್ಪು ಇದ್ದೇ ಇರುತ್ತದೆ.

ನಾನು ದರ್ಜಿ. ದರ್ಜಿ ಎಂದರೂ ಪೂರ್ತಿ ನಿಜವಾಗುವುದಿಲ್ಲ. ದೊಡ್ಡ ಬೀದಿಯ ಹೊಲಿಗೆ ಅಂಗಡಿಯಲ್ಲಿ ಪ್ಯಾಂಟು ಕತ್ತರಿಸುವ ಕೆಲಸ ನನ್ನದಾಗಿತ್ತು. ಗಿರಾಕಿಯ ಸೊಂಟದಿಂದ ಕೆಳಗೆ ನನ್ನ ಸೀಮೆ, ಸೊಂಟದಿಂದ ಮೇಲೆ ಅಂಗಡಿ ಯಜಮಾನರ ಸೀಮೆ. ಯಾರಾದರೂ ಗಿರಾಕಿಯನ್ನು ಬೀದಿಯಲ್ಲಿ ಕಂಡರೆ ಮುಖದಿಂದ ನನಗೆ ಗುರುತು ಸಿಗುತ್ತಿರಲಿಲ್ಲ, ನಡಿಗೆಯಿಂದ ಸಿಗುತ್ತಿತ್ತು.

ಮದುವೆಯಾದಮೇಲೆ ನಾನು ಹೆಂಡತಿಯ ತವರಿನಲ್ಲೇ ಇದ್ದೆ. ಮನೆ ಅಳಿಯನ ಬದುಕು ಹೇಗಿರುತ್ತದೆಂದು ವಿವರಿಸಬೇಕಾಗಿಲ್ಲ. ಬಾಗಿಲು ಜೋರಾಗಿ ಹಾಕಬಾರದು, ಸೀನಬಾರದು, ಎರಡನೇ ಸಲ ಟೀ ಕೇಳಬಾರದು. ಮಾವನವರು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿ ನಿವೃತ್ತರಾದವರು. ಅವರು ಅಂಗಡಿಯೊಳಗೆ ಕಾಲಿಟ್ಟರೆ ತಕ್ಕಡಿಗಳು ತಾವಾಗಿಯೇ ನೆಟ್ಟಗಾಗುತ್ತಿದ್ದವಂತೆ. ಅವರು ನಕ್ಕದ್ದನ್ನು ಕಂಡವರಿರಲಿಲ್ಲ. ಗೋಡೆಯ ಮೇಲಿನ ಮದುವೆಯ ಫೋಟೋದಲ್ಲೂ ಅವರು ಪಕ್ಕದಲ್ಲಿದ್ದ ನಮ್ಮ ಅತ್ತೆಯವರನ್ನು ತೂಕ ಕಡಿಮೆ ಬಂದ ಮೂಟೆಯನ್ನು ನೋಡುವಂತೆ ನೋಡುತ್ತಿದ್ದರು.

ಆ ಮನೆಯಲ್ಲಿ ಬೀದಿಗೆ ಬಾಗಿಲಿದ್ದ ಒಂದು ಕೋಣೆ ಖಾಲಿ ಬಿದ್ದಿತ್ತು. ಅಲ್ಲಿ ನನ್ನದೇ ಹೊಲಿಗೆ ಅಂಗಡಿ ಇಡಬೇಕೆಂಬುದು ನಮ್ಮ ಆಸೆ. ನಮ್ಮ ಎನ್ನುವುದಕ್ಕಿಂತ ನನ್ನ ಹೆಂಡತಿಯ ಆಸೆ. ಅವಳು ಅಂಗಡಿಯ ಬೋರ್ಡನ್ನು ಆಗಲೇ ಬರೆಸಿ ನಮ್ಮ ಮಂಚದ ಕೆಳಗೆ ಇಟ್ಟುಬಿಟ್ಟಿದ್ದಳು. ರಾತ್ರಿ ಮಗ್ಗುಲು ಬದಲಿಸಿದರೆ ಮಂಚ ತಗ್ಗಿ ಬೋರ್ಡಿಗೆ ಬಡಿದು ಠಣ್ ಎನ್ನುತ್ತಿತ್ತು. "ಕೇಳಿಸ್ತೇನ್ರೀ?" ಎನ್ನುತ್ತಿದ್ದಳು. ಕೇಳಿಸುತ್ತಿತ್ತು.

ಆದರೆ ಅದೇ ಕೋಣೆಯ ಮೇಲೆ ನನ್ನ ಷಡ್ಡಕನ ಕಣ್ಣೂ ಇತ್ತು. ಹೆಂಡತಿಯ ಅಕ್ಕನ ಗಂಡ, ವಿಮೆ ಏಜೆಂಟು. ಅವನಿಗೆ ಅಲ್ಲಿ ಆಫೀಸು ಬೇಕಿತ್ತು. ನಾವಿಬ್ಬರೂ ಕೇಳಿದಾಗಲೆಲ್ಲ ಮಾವ "ನೋಡೋಣ" ಎನ್ನುತ್ತಿದ್ದರು. ಅವರ ಈ ನೋಡೋಣ ಯಾವಾಗ ಮುಗಿಯುತ್ತದೆಂದು ಯಾರೂ ಹೇಳುವಂತಿರಲಿಲ್ಲ.

ಹೀಗಿರುವಾಗ ಮಾವನ ಹಳೆಯ ಇಲಾಖೆಯವರು ಹಿರಿಯ ಅಧಿಕಾರಿಗಳನ್ನು ಸನ್ಮಾನಿಸುವ ಸಮಾರಂಭ ಇಟ್ಟುಕೊಂಡರು. ಮಾವ ವೇದಿಕೆಯ ಮೇಲೆ ಕೂರಬೇಕು. ಊಟದ ಹೊತ್ತಿಗೆ ಮಾವ, "ಕೋಟು ಹಳೇದಾಯ್ತು" ಎಂದು ತಟ್ಟೆಗೆ ಹೇಳಿದರು. ಅಂದು ಷಡ್ಡಕನೂ ಊಟಕ್ಕೆ ಬಂದಿದ್ದ.

"ಮಾವ, ನಾಳೆನೇ ಕರ್ಕೊಂಡು ಹೋಗ್ತೀನಿ. ಒಳ್ಳೇ ರೆಡಿಮೇಡ್ ಕೋಟು. ಹಾಕ್ಕೊಂಡ್ರೆ ಮಂತ್ರಿ ಥರ ಕಾಣ್ಬೇಕು," ಎಂದ ಷಡ್ಡಕ.

ನನ್ನ ಬಾಯಿ ನನ್ನನ್ನು ಕೇಳದೆ ತೆರೆಯಿತು. "ರೆಡಿಮೇಡ್ ಯಾಕೆ ಮಾವ? ನಾನೇ ಹೊಲೀತೀನಿ."

ಮಾವ ತಲೆಯೆತ್ತಿದರು. "ನಿನಗೆ ಕೋಟು ಬರುತ್ತೇನಯ್ಯಾ?"

"ಅಂಗಡೀಲಿ ಮುಖ್ಯವಾಗಿ ನಂದು ಕೋಟೇ ಮಾವ."

ಮೇಜಿನ ಕೆಳಗೆ ಹೆಂಡತಿ ನನ್ನ ತೊಡೆಯನ್ನು ಜಿಗುಟಿದಳು. ಪ್ಯಾಂಟಿನ ಬಟ್ಟೆ ತೆಳುವಾಗಿತ್ತೆಂದು ಅಂದೇ ನನಗೆ ಗೊತ್ತಾದದ್ದು.

ಮಾವ ಕೈ ತೊಳೆದುಕೊಂಡು ಬಂದು ತೀರ್ಪು ಕೊಟ್ಟರು. "ಸರಿ. ಹೊಲಿ. ಸಮಾರಂಭದ ದಿನ ಕೋಟು ನನ್ನ ಮೈಮೇಲಿದ್ರೆ ಕೋಣೆ ನಿಂಗೆ. ಇಲ್ಲ ಅಂದ್ರೆ ಇವನಿಗೆ. ಇನ್ನು ಆ ವಿಷಯ ಯಾರೂ ಎತ್ತಬಾರದು."

ಮರುದಿನ ಅಂಗಡಿ ಯಜಮಾನರ ಕಾಲು ಹಿಡಿದೆ. ಅವರು ಕರುಣೆಯಿಂದ ಕೋಟಿನ ಕೆಲಸ ಹೇಳಿಕೊಟ್ಟರು. ಕೊನೆಗೆ ತಮ್ಮ ಅನುಭವದ ಸಾರವನ್ನೂ ಹೇಳಿದರು. "ಟ್ರಯಲ್ ನೋಡೋವಾಗ ತುಟಿ ಮಧ್ಯೆ ಗುಂಡುಸೂಜಿ ಇಟ್ಕೊಂಡಿರು. ಗಿರಾಕಿ ಏನ್ ಕೇಳಿದ್ರೂ ಉತ್ತರ ಕೊಡೋ ಹಾಗಿರಬಾರದು. ಬಾಯಿ ಬಿಟ್ಟ ದರ್ಜಿ ಬದುಕಿದ್ದು ನಾನ್ ನೋಡಿಲ್ಲ." ಈ ಮಾತನ್ನು ನಾನು ಮನಸ್ಸಿನಲ್ಲಿ ಭದ್ರವಾಗಿ ಇಟ್ಟುಕೊಂಡೆ. ಮುಂದಿನ ಅನಾಹುತಕ್ಕೆಲ್ಲ ಅರ್ಧ ಕಾರಣ ಅದೇ.

ಮಾವನ ಮೈಗೆ ಟೇಪು ಹಿಡಿಯುವ ಧೈರ್ಯವಿಲ್ಲದೆ ಅವರ ಹಳೆಯ ಕೋಟಿನಿಂದಲೇ ಅಳತೆ ತೆಗೆದುಕೊಂಡೆ. ಬಿಳಿ ನೂಲಿನಲ್ಲಿ ಕಚ್ಚಾ ಹೊಲಿಗೆ ಹಾಕಿ, ಒಂದೇ ತೋಳು ಸೇರಿಸಿ, ಭಾನುವಾರ ಬೆಳಿಗ್ಗೆ ಹಾಲಿನಲ್ಲಿ ಟ್ರಯಲಿಗೆ ನಿಲ್ಲಿಸಿದೆ. ತುಟಿಗಳ ನಡುವೆ ಗುಂಡುಸೂಜಿಗಳ ಸಾಲು. ಮಾವ ಕೈಗಳನ್ನು ಸ್ವಲ್ಪ ಎತ್ತಿ, ಎದುರಿನ ಗಡಿಯಾರ ನೋಡುತ್ತ, ಸೀಲು ಒತ್ತಿದ ತೂಕದ ಕಲ್ಲಿನಂತೆ ನಿಂತಿದ್ದರು. ತೋಳು ಕೂಡುವ ಜಾಗದಲ್ಲಿ ಬಟ್ಟೆ ಸುಕ್ಕಾಗಿತ್ತು. ಸರಿಪಡಿಸಲು ಎರಡು ಬೆರಳು ಒಳಗೆ ಹಾಕಿದೆ.

ಮೊದಲು ಮಾವನ ಹೊಟ್ಟೆ ಅಲುಗಿತು. ಆಮೇಲೆ ಎಷ್ಟೋ ವರ್ಷದಿಂದ ಮುಚ್ಚಿದ್ದ ಕಬ್ಬಿಣದ ಗೇಟನ್ನು ಯಾರೋ ತಳ್ಳಿದಂತೆ ಒಂದು ಸದ್ದು ಬಂತು. ಮುಖ ಕೆಂಪಾಯಿತು, ಮೈ ಬಾಗಿತು. ಮಾವನಿಗೆ ಹೃದಯಾಘಾತವಾಯಿತೆಂದುಕೊಂಡೆ. ಬೀಳದಂತೆ ಗಟ್ಟಿಯಾಗಿ ಹಿಡಿದುಕೊಂಡೆ. ಹಿಡಿಯಲು ಸಿಕ್ಕಿದ್ದು ಎರಡು ಕಂಕುಳುಗಳು.

"ಬೇ... ಬೇಡ... ಹಿಹ್ಹೀ... ಬಿಡಯ್ಯಾ... ಹೋ ಹೋ ಹೋ..."

ಅಡುಗೆಮನೆಯಿಂದ ಅತ್ತೆ ಕೂಗಿದರು. "ಯಾರದು ರೇಡಿಯೋ ಹಾಕಿದ್ದು? ಸಣ್ಣಕ್ಕೆ ಮಾಡ್ರೀ!"

ರೇಡಿಯೋ ಸಣ್ಣಕ್ಕಾಗದಿದ್ದಾಗ ಅವರೇ ಬಂದರು. ಕೈಯಲ್ಲಿದ್ದ ಸೌಟು ಕೆಳಗೆ ಬಿತ್ತು. ನಂತರ ಸೆರಗಿನಿಂದ ಕಣ್ಣೊರೆಸಿಕೊಂಡು ಮಗಳಿಗೆ ಹೇಳಿದರು. "ನೋಡೇ, ನಿಮ್ಮಪ್ಪಂಗೆ ಇಷ್ಟೊಂದು ಹಲ್ಲಿದೆ!"

ನಾನು ಕೈ ಬಿಟ್ಟೆ. ಮಾವ ನೆಟ್ಟಗಾದರು. ನಗು ಬಂದಷ್ಟೇ ಬೇಗ ಹೋಯಿತು.

"ಏನ್ರೀ ಅದು? ಯಾಕ್ರೀ ನಕ್ರಿ?" ಎಂದರು ಅತ್ತೆ.

"ಏನೋ ನೆನಪಾಯ್ತು."

"ಏನ್ ನೆನಪಾಯ್ತು?"

"ಆಫೀಸಿಂದು."

ಅದು ನೆನಪಲ್ಲ, ಕಚಗುಳಿ ಎಂದು ಪ್ರಾಮಾಣಿಕವಾಗಿ ಹೇಳಬೇಕೆಂದು ನಾನು ಬಾಯಿ ತೆರೆಯಲು ಹೋದೆ. ಸೂಜಿ ಚುಚ್ಚಿತು. ಆಮೇಲೆ ನಾವು ಮಲಗುವ ಕೋಣೆಯಲ್ಲಿ ಹೆಂಡತಿ ಎಚ್ಚರಿಸಿದಳು. "ಕಚಗುಳಿ ಅನ್ನೋ ಮಾತು ಅಪ್ಪನ ಮುಂದೆ ಎತ್ತಬೇಡಿ. ಕಚಗುಳಿ ಆಗೋದು ಮನಸ್ಸು ಗಟ್ಟಿ ಇಲ್ಲದವರಿಗೆ ಅಂತ ನಾವು ಚಿಕ್ಕವರಿದ್ದಾಗಿಂದ ಹೇಳ್ಕೊಂಡು ಬಂದಿದಾರೆ. ನೀವು ಅದನ್ನ ಕಂಡುಹಿಡಿದ್ರಿ ಅಂತ ಗೊತ್ತಾದ್ರೆ ಕೋಣೆ ಹೋಯ್ತು." ಹೇಳಿ ಮಂಚದ ಮೇಲೆ ಕುಳಿತಳು. ಠಣ್ ಎಂದಿತು.

ಅಷ್ಟರಲ್ಲಿ ಸದ್ದು ಕೇಳಿ ಮೇಲಿನ ಮನೆಯ ನರ್ಸಮ್ಮ ರಕ್ತದೊತ್ತಡ ನೋಡುವ ಯಂತ್ರದೊಂದಿಗೆ ಓಡಿ ಬಂದಿದ್ದರು. ಯಾರ ಮನೆಯಲ್ಲಿ ಪಾತ್ರೆ ಬಿದ್ದರೂ ಅವರು ಆ ಯಂತ್ರದೊಂದಿಗೆ ಬರುತ್ತಿದ್ದರು. ಮಾವನ ತೋಳಿಗೆ ಪಟ್ಟಿ ಸುತ್ತಿ ನೋಡಿದರು. ಇನ್ನೊಮ್ಮೆ ನೋಡಿದರು. ಯಂತ್ರವನ್ನು ಅಲ್ಲಾಡಿಸಿ ನೋಡಿದರು. ಯಾವ ಮಾತ್ರೆಗೂ ಬಗ್ಗದಿದ್ದ ಮಾವನ ರಕ್ತದೊತ್ತಡ ಇಳಿದುಬಿಟ್ಟಿತ್ತು.

ಡಾಕ್ಟರನ್ನು ಕರೆಸಿದರು. ಅವರು, "ಏನು ಕೊಟ್ರಿ?" ಎಂದು ಕೇಳಿದರು.

"ಏನೂ ಕೊಟ್ಟಿಲ್ಲ ಡಾಕ್ಟ್ರೇ. ನಮ್ಮ ಚಿಕ್ಕ ಅಳಿಯಂದ್ರು ಕೋಟಿನ ಟ್ರಯಲ್ ಮಾಡಿದ್ರು. ಅದಕ್ಕೇ ಹೊಟ್ಟೆ ಹಿಡ್ಕೊಂಡು ನಕ್ರು," ಎಂದರು ಅತ್ತೆ.

ಡಾಕ್ಟರು ನನ್ನನ್ನು, ಕೋಟನ್ನು, ಮತ್ತೆ ನನ್ನನ್ನು ನೋಡಿದರು. "ನಗು ಒಳ್ಳೇದು. ದಿನಾ ಮಾಡಿ. ಬೆಳಿಗ್ಗೆ, ತಿಂಡಿಗೆ ಮುಂಚೆ."

"ಕೋಟು ಮುಗಿದುಹೋದ್ರೆ ಡಾಕ್ಟ್ರೇ?" ಎಂದು ನಾನು ಕೇಳಿದೆ.

"ಮುಗಿಸಬೇಡಿ," ಎಂದು ಹೇಳಿ ಅವರು ಚಪ್ಪಲಿ ಹಾಕಿಕೊಂಡರು.

ನನ್ನ ಸ್ಥಿತಿಯನ್ನು ಓದುವವರು ಒಮ್ಮೆ ಯೋಚಿಸಿ ನೋಡಬೇಕು. ಕೋಟು ಮುಗಿಯದಿದ್ದರೆ ಕೋಣೆ ಷಡ್ಡಕನಿಗೆ. ಕೋಟು ಮುಗಿದರೆ ಮಾವನ ಪ್ರಾಣಕ್ಕೆ ಅಪಾಯ, ಜೊತೆಗೆ ಅತ್ತೆಯ ಕಣ್ಣೀರು. ಮಾವನಂತೂ ತಾವು ನಗುವುದು ಹಳೆಯ ನೆನಪಿಗೆ ಎಂದು ಸಾಧಿಸಿದ್ದರಿಂದ ಬೇಡ ಎನ್ನುವಂತಿರಲಿಲ್ಲ. ಬೇಡ ಎಂದರೆ ಯಾಕೆ ಬೇಡ ಎಂದು ಹೇಳಬೇಕಲ್ಲ.

ಅಂದಿನಿಂದ ದಿನಚರಿ ಶುರುವಾಯಿತು. ಸಂಜೆ ನಾನು ತೋಳು ಕೂರಿಸುತ್ತಿದ್ದೆ. ನಾನು ಕೆಲಸಕ್ಕೆ ಹೋದಮೇಲೆ ಅತ್ತೆ ಅದನ್ನು ಬಿಚ್ಚಿ, ಅಚ್ಚುಕಟ್ಟಾಗಿ ಮಡಿಸಿ, ಮತ್ತೆ ಅದೇ ಕುರ್ಚಿಯ ಮೇಲೆ ಇಡುತ್ತಿದ್ದರು. "ಅತ್ತೆ, ಹೀಗಾದ್ರೆ ಕೋಟು ಆಗೋದು ಯಾವಾಗ?" ಎಂದರೆ, "ನಿಮಗೆ ಕೋಟು ಮುಖ್ಯವೋ ನನ್ನ ತಾಳಿ ಮುಖ್ಯವೋ ಅಳಿಯಂದ್ರೇ?" ಎನ್ನುತ್ತಿದ್ದರು. ಈ ಪ್ರಶ್ನೆಗೆ ಪ್ಯಾಂಟು ಕತ್ತರಿಸುವವನು ಏನು ಉತ್ತರ ಹೇಳಲು ಸಾಧ್ಯ?

ಬೆಳಿಗ್ಗೆ ಮಾವ ಗಡಿಯಾರ ನೋಡುತ್ತ ನಿಲ್ಲುತ್ತಿದ್ದರು. ನಾನು ಸೂಜಿ ಕಚ್ಚಿಕೊಂಡು ಸುಕ್ಕು ಹುಡುಕುತ್ತಿದ್ದೆ. ಗೇಟು ತೆರೆಯುತ್ತಿತ್ತು. ಅತ್ತೆ ಎದುರಿಗೆ ಸ್ಟೂಲು ಹಾಕಿಕೊಂಡು ಕುಳಿತು, "ಇವತ್ತೇನ್ ನೆನಪಾಯ್ತು?" ಎಂದು ಕೇಳುತ್ತಿದ್ದರು. ಮಾವ ದಿನಕ್ಕೊಂದು ಕಾರಣ ಹುಡುಕಬೇಕಾಯಿತು. ಎಂದೂ ತಮಾಷೆ ಮಾಡದ ಮನುಷ್ಯ ಪಾಪ, ಕಷ್ಟಪಟ್ಟು ಹೇಳುತ್ತಿದ್ದರು. "ಒಬ್ಬ ವ್ಯಾಪಾರಿ... ತಕ್ಕಡಿ ಕೆಳಗೆ... ಅಯಸ್ಕಾಂತ ಇಟ್ಟಿದ್ದ." ಎಲ್ಲರೂ ಮುಂದೇನೆಂದು ಕಾಯುತ್ತಿದ್ದರು. "ಸಿಕ್ಕಿಬಿದ್ದ," ಎಂದು ಕಥೆ ಮುಗಿಯುತ್ತಿತ್ತು. ಅತ್ತೆ ಮಾತ್ರ ಬಿದ್ದು ಬಿದ್ದು ನಗುತ್ತಿದ್ದರು.

ಸುದ್ದಿ ಬೀದಿಗೆ ಹಬ್ಬಿತು. ಅಕ್ಕಪಕ್ಕದವರು ಕಿಟಕಿಗೆ ಮುಖ ಒತ್ತಿಕೊಂಡು ನಿಲ್ಲತೊಡಗಿದರು. ಮೂಲೆಯ ಔಷಧಿ ಅಂಗಡಿಯವನು ಬಂದು, "ನಿಮ್ಮ ಮಾವ ಮಾತ್ರೆ ತಗೊಳ್ಳೋದು ಬಿಟ್ರು. ಹೀಗೆ ಕೋಟು ಹೊಲೀತಾ ಹೋದ್ರೆ ನಾನು ಬದುಕೋದು ಬೇಡ್ವಾ?" ಎಂದು ಜಗಳ ತೆಗೆದ. ಎದುರು ಮನೆಯಾಕೆ ತನ್ನ ಗಂಡನನ್ನು ತೋಳು ಹಿಡಿದು ಎಳೆದುಕೊಂಡು ಬಂದಳು. ಬಸ್ ಕಂಡಕ್ಟರ್, ಸದಾ ಗಂಟು ಮುಖ. "ಇವರಿಗೂ ಒಂದು ಟ್ರಯಲ್ ಮಾಡ್ಕೊಡಿ ಅಣ್ಣ. ಕೋಟು ಇಲ್ದಿದ್ರೂ ಪರವಾಗಿಲ್ಲ," ಎಂದಳು. ನಾನು ಸಂಕೋಚದಿಂದ ಪಕ್ಕೆಗೆ ಬೆರಳು ತಾಗಿಸಿದೆ. ಅವನು ನಕ್ಕ. ನಗುತ್ತಲೇ ನನ್ನ ಮೂಗಿಗೆ ಗುದ್ದಿದ. ಗುದ್ದಿದಮೇಲೂ ಸ್ವಲ್ಪ ಹೊತ್ತು ನಗುತ್ತಲೇ ಇದ್ದ. ಪೋಸ್ಟ್ ಮಾಸ್ತರರ ವಯಸ್ಸಾದ ಅಜ್ಜಿಯಾದರೋ ನಾನು ಹತ್ತಿರ ಬರುವ ಮುಂಚೆಯೇ ಕಿಲಕಿಲ ನಕ್ಕು, ನಾನು ಏನೂ ಮಾಡದಿದ್ದಾಗ, "ಯಾಕಪ್ಪಾ ನಿಲ್ಲಿಸಿಬಿಟ್ಟೆ?" ಎಂದು ಬೇಸರ ಮಾಡಿಕೊಂಡರು.

ಇದೆಲ್ಲ ನೋಡಿ ನನಗೆ ಹೊಸ ಚಿಂತೆ ಹತ್ತಿತು. ಕಂಡಕ್ಟರ್ ನಕ್ಕದ್ದೂ ನಗುವೇ, ಅಜ್ಜಿ ನಕ್ಕದ್ದೂ ನಗುವೇ. ಹಾಗಾದರೆ ಮಾವನದು ಯಾವುದು? ಪ್ರತಿದಿನ ತಿಂಡಿಗೆ ಮುಂಚೆ ನಾನು ಹಿರಿಯರೊಬ್ಬರನ್ನು ಖುಷಿಪಡಿಸುತ್ತಿದ್ದೇನೋ ಹಿಂಸಿಸುತ್ತಿದ್ದೇನೋ? ನಾನು ಓದಿದ್ದ ಸಂಜೆ ಕಾಲೇಜಿಗೆ ಹೋಗಿ ವಿಜ್ಞಾನದ ಮೇಷ್ಟ್ರನ್ನು ಕೇಳಿದೆ.

"ನಗು ಬಂದ ತಕ್ಷಣ ಖುಷಿ ಅಂತ ತಿಳ್ಕೋಬೇಡಪ್ಪ," ಎಂದರು ಅವರು, ಬೋರ್ಡು ಒರೆಸುತ್ತ. "ಈರುಳ್ಳಿ ಹೆಚ್ಚಿದ್ರೆ ಕಣ್ಣೀರು ಬರುತ್ತೆ. ಈರುಳ್ಳಿ ಸತ್ತಿದ್ದಕ್ಕೆ ಅಳ್ತೀವಾ?"

"ಹಾಗಾದ್ರೆ ಖುಷಿಯೋ ಅಲ್ವೋ ಅಂತ ಗೊತ್ತಾಗೋದು ಹೇಗೆ ಸಾರ್?"

"ನಿಲ್ಲಿಸಿ ನೋಡು. ತಾವಾಗೇ ಮತ್ತೆ ಬಂದ್ರೆ ಇಷ್ಟ ಅಂತ. ಬರದಿದ್ರೆ ಇಲ್ಲ ಅಂತ."

"ಮನುಷ್ಯ ತನಗೆ ತಾನೇ ಕಚಗುಳಿ ಇಟ್ಕೊಂಡ್ರೆ ಯಾಕೆ ಸಾರ್ ನಗು ಬರಲ್ಲ?"

ಮೇಷ್ಟ್ರು ಡಸ್ಟರ್ ಕೆಳಗಿಟ್ಟು ತಮ್ಮ ಕಂಕುಳಿಗೆ ತಾವೇ ಬೆರಳು ಹಾಕಿ ನೋಡಿಕೊಂಡರು. ಅಷ್ಟರಲ್ಲಿ ಪ್ರಿನ್ಸಿಪಾಲರು ಬಾಗಿಲಲ್ಲಿ ಬಂದು ನಿಂತದ್ದರಿಂದ ಆ ಪ್ರಶ್ನೆಗೆ ಉತ್ತರ ಸಿಗಲಿಲ್ಲ.

ನನ್ನ ಕೀರ್ತಿ ಷಡ್ಡಕನಿಗೆ ಸಹಿಸಲಾಗಲಿಲ್ಲ. ಒಂದು ಬೆಳಿಗ್ಗೆ ಬೇಗನೆ ಬಂದು, "ಟ್ರಯಲ್ ಯಾರು ಮಾಡಿದ್ರೇನು? ನಾನೂ ಅಳಿಯನೇ ಅಲ್ವಾ?" ಎಂದು ತೋಳು ಮಡಿಸಿಕೊಂಡ. ಅತ್ತೆ ಸ್ಟೂಲಿನ ಮೇಲೆ ಕುಳಿತರು. ಕಿಟಕಿಯಲ್ಲಿ ಮುಖಗಳು ತುಂಬಿದವು. ಷಡ್ಡಕ ಮಾವನ ಎರಡೂ ಕಂಕುಳಿಗೆ ಕೈಹಾಕಿ ಹಿಟ್ಟು ನಾದುವಂತೆ ಬೆರಳಾಡಿಸಿದ. ಮಾವ ಗಡಿಯಾರ ನೋಡುತ್ತ ನಿಂತೇ ಇದ್ದರು. ಅವನು ಬೆವರಿದ. ಪಕ್ಕೆಗೆ ಇಳಿದ. ಕತ್ತಿಗೆ ಏರಿದ.

"ಏನಯ್ಯಾ ಹುಡುಕ್ತಿದೀಯಾ?" ಎಂದರು ಮಾವ ಕೊನೆಗೆ. "ಪರ್ಸು ಪ್ಯಾಂಟಿನ ಜೇಬಲ್ಲಿದೆ."

"ಅದಕ್ಕೆಲ್ಲ ಕೈಗುಣ ಬೇಕಪ್ಪ," ಎಂದು ಅತ್ತೆ ಎದ್ದು ಹೋದರು.

ಅವಮಾನವಾದ ಷಡ್ಡಕ ಸುಮ್ಮನಿರಲಿಲ್ಲ. ನಮ್ಮ ಅಂಗಡಿಗೇ ಹೋಗಿ ವಿಚಾರಿಸಿಕೊಂಡು ಬಂದು ಮಾವನಿಗೆ ವರದಿ ಒಪ್ಪಿಸಿದ. "ಮಾವ, ಇವನು ಕೋಟಿನವನೇ ಅಲ್ಲ. ಬರೀ ಪ್ಯಾಂಟು! ಜನ್ಮದಲ್ಲಿ ಒಂದು ಕಾಲರ್ ಮುಟ್ಟಿಲ್ಲ!"

ಮಾವ ನನ್ನನ್ನು ತಲೆಯಿಂದ ಪಾದದವರೆಗೆ ನೋಡಿ ಸೊಂಟದ ಹತ್ತಿರ ನಿಲ್ಲಿಸಿದರು. "ಹೌದಾ?"

ನನ್ನ ಬಾಯಲ್ಲಿ ಸೂಜಿಗಳಿದ್ದವು. ಹೌದೆಂದು ತಲೆಯಾಡಿಸಿದೆ.

"ಮಾತು ಮಾತೇ," ಎಂದರು ಮಾವ. "ಸಮಾರಂಭದ ದಿನ ಮೈಮೇಲೆ ಕೋಟಿರಬೇಕು."

ಸಮಾರಂಭದ ಹಿಂದಿನ ದಿನ ರಜೆ ಹಾಕಿ ಕೋಟು ಮುಗಿಸಿದೆ. ಗುಂಡಿ ಹೊಲಿದೆ, ಇಸ್ತ್ರಿ ಹಾಕಿದೆ, ಬಾಗಿಲಿಗೆ ಬೀಗ ಹಾಕಿಕೊಂಡು ಕಾವಲು ಕುಳಿತೆ. ಬೆಳಿಗ್ಗೆ ಸ್ನಾನಕ್ಕೆಂದು ಎದ್ದದ್ದೇ ತಪ್ಪಾಯಿತು. ತಲೆಗೆ ಸೋಪು ಹಚ್ಚಿಕೊಂಡಿದ್ದಾಗ ಹೊರಗಿನಿಂದ ಪರ್ ಪರ್ ಎಂಬ ಸದ್ದು ಕೇಳಿತು. ಆ ಸದ್ದು ಯಾವ ದರ್ಜಿಗೆ ಗೊತ್ತಾಗುವುದಿಲ್ಲ? ಬರುವಷ್ಟರಲ್ಲಿ ಅತ್ತೆ ಬಲ ತೋಳನ್ನು ಬಿಚ್ಚಿ ಮಡಿಸಿಟ್ಟಾಗಿತ್ತು.

"ಅತ್ತೆ! ಇವತ್ತು ಸಮಾರಂಭ!"

"ಇವತ್ತೂ ತಿಂಡಿಗೆ ಮುಂಚೆ ಆಗಬೇಕಲ್ಲ ಅಳಿಯಂದ್ರೇ. ಡಾಕ್ಟ್ರು ಸಮಾರಂಭದ ದಿನ ಬಿಟ್ಟು ಅಂತೇನೂ ಹೇಳಿಲ್ಲ."

ಹೊಲಿಯಲು ಸಮಯವಿರಲಿಲ್ಲ. ಇಲಾಖೆಯ ಕಾರು ಬಾಗಿಲಲ್ಲಿ ಹಾರ್ನ್ ಬಾರಿಸುತ್ತಿತ್ತು. ತೋಳನ್ನು ಗುಂಡುಸೂಜಿಯಿಂದಲೇ ಸುತ್ತಲೂ ಸಿಕ್ಕಿಸಿ ಮಾವನಿಗೆ ತೊಡಿಸಿದೆ. "ಮಾವ, ದಯವಿಟ್ಟು ಬಲಗೈ ಎತ್ತಬೇಡಿ."

"ಕೈ ಎತ್ತದೆ ಜನರ ಕೈ ಹೇಗಯ್ಯಾ ಕುಲುಕೋದು?"

"ಮೊಣಕೈಯಿಂದ ಈಚೆಗೆ ಕುಲುಕಿ ಮಾವ."

ಸಭಾಂಗಣ ತುಂಬಿತ್ತು. ತೂಕದವರು ಒಂದು ಕಡೆ, ಅಳತೆಯವರು ಒಂದು ಕಡೆ. ವೇದಿಕೆಯ ಮೇಲೆ ನಿರ್ದೇಶಕರು, ಅಧಿಕಾರಿಗಳ ಸಂಘದ ಕಾರ್ಯದರ್ಶಿ, ನಮ್ಮ ಮಾವ. ನಾನು ಮೆಟ್ಟಿಲ ಹತ್ತಿರ ಸೂಜಿಗಳೊಂದಿಗೆ ಸಿದ್ಧನಾಗಿದ್ದೆ. ಹೆಂಡತಿ ಹಿಂದಿನ ಸಾಲಿನಲ್ಲಿ ಉಗುರು ಕಚ್ಚುತ್ತಿದ್ದಳು. ಷಡ್ಡಕ ಮುಂದಿನ ಸಾಲಿನಲ್ಲಿ ಕಾಲಮೇಲೆ ಕಾಲು ಹಾಕಿಕೊಂಡು ಕುಳಿತಿದ್ದ.

ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು. ಆದರೆ ಕಾರ್ಯದರ್ಶಿ ಬಲು ಪ್ರೀತಿಯ ಮನುಷ್ಯ. ಮಾವನ ಕೈ ಹಿಡಿದು ಕೊಳವೆ ಬಾವಿಯ ಪಂಪು ಒತ್ತುವಂತೆ ಮೇಲೆ ಕೆಳಗೆ ಮಾಡಿದರು. ಮೂರನೆಯ ಒತ್ತಿಗೆ ಕೋಟಿನ ತೋಳು ಭುಜ ಬಿಟ್ಟು ಮೊಣಕೈಗೆ ಇಳಿಯಿತು. ಮಾವನ ಕಣ್ಣು ಸಭೆಯಲ್ಲೆಲ್ಲ ನನ್ನನ್ನು ಹುಡುಕಿತು. ಸೂಜಿ ಕಚ್ಚಿಕೊಂಡು ಬಗ್ಗಿಕೊಂಡೇ ವೇದಿಕೆ ಹತ್ತಿದೆ. ಮಾವನ ಹಿಂದೆ ತಲುಪಿದ ಕ್ಷಣದಲ್ಲೇ ಕಾರ್ಯದರ್ಶಿ ಮೈಕಿನಲ್ಲಿ ಹೇಳಿದರು. "ಈಚೆಗೆ ನಮ್ಮನ್ನಗಲಿದ ಮುಖ್ಯ ಇನ್ಸ್‌ಪೆಕ್ಟರ್ ಅವರ ಗೌರವಾರ್ಥ ಎಲ್ಲರೂ ಎದ್ದು ನಿಂತು ಒಂದು ನಿಮಿಷ ಮೌನ ಆಚರಿಸಬೇಕು."

ಎಲ್ಲರೂ ಎದ್ದು ತಲೆ ತಗ್ಗಿಸಿದರು. ಮೊದಲ ಸಾಲಿನಲ್ಲಿ ತೀರಿಕೊಂಡವರ ಹೆಂಡತಿ ಕರವಸ್ತ್ರ ಹಿಡಿದು ನಿಂತಿದ್ದರು. ನಾನೂ ತಲೆ ತಗ್ಗಿಸಿದೆ. ತಗ್ಗಿಸಿದಾಗ ಕಂಡದ್ದು, ತೋಳು ಇನ್ನೂ ಜಾರುತ್ತಿರುವುದು. ಸತ್ತವರಿಗೆ ಗೌರವ ಕೊಡಬೇಕೋ ಇದ್ದವರ ಮಾನ ಉಳಿಸಬೇಕೋ? ಸದ್ದಿಲ್ಲದೆ ಎರಡನ್ನೂ ಮಾಡಬಹುದೆಂದು ನನ್ನ ಬುದ್ಧಿಗೆ ತೋಚಿತು. ಮೆಲ್ಲನೆ ತೋಳನ್ನು ಮೇಲೆತ್ತಿ ಕಂಕುಳಿಗೆ ಬೆರಳು ಹಾಕಿದೆ.

ಮಾವ ತುಟಿ ಕಚ್ಚಿದರು. ಕಣ್ಣುಗಳು ಹೊರಬಂದವು. ಕುತ್ತಿಗೆಯ ನರ ಹಗ್ಗದಂತೆ ಎದ್ದಿತು. ಆಮೇಲೆ, ಆ ಗಾಢ ಮೌನದಲ್ಲಿ, ಮೈಕಿನ ಎದುರಿಗೇ, ಗೇಟು ತೆರೆಯಿತು.

"ಹಿ... ಹಿಹ್ಹೀ... ಹೋ ಹೋ ಹೋ ಹೋ!"

ತಗ್ಗಿದ್ದ ತಲೆಗಳೆಲ್ಲ ಒಟ್ಟಿಗೆ ಎದ್ದವು. ನಿರ್ದೇಶಕರು ಮಾವನನ್ನು ಅಮಾನತು ಮಾಡುವವರಂತೆ ನೋಡಿ, ನಿವೃತ್ತರೆಂದು ನೆನಪಾಗಿ ನಿರಾಶರಾದರು. ಸಾಲುಗಳಲ್ಲಿ ಪಿಸುಮಾತು ಹರಿಯಿತು.

"ಸತ್ತವರ ಮೇಲೆ ಇಷ್ಟು ದ್ವೇಷಾನಾ?"

"ಇವರಿಗೆ ಪ್ರಮೋಷನ್ ತಪ್ಪಿಸಿದ್ದು ಅವರೇ ಅಲ್ವಾ?"

"ಅಂತೂ ಸಿಟ್ಟು ತೀರಿಸ್ಕೊಂಡ್ರು ಬಿಡಿ. ಎದೆಗಾರಿಕೆ!"

ಷಡ್ಡಕ ಎದ್ದು ನಿಂತು, "ಇದಕ್ಕೆಲ್ಲ ಆ ಪ್ಯಾಂಟಿನವನೇ ಕಾರಣ! ಕೆಳಗಿಳಿಸ್ರೀ ಅವನ್ನ!" ಎಂದು ಕೂಗಿದ. ಸೂಜಿಗಳನ್ನು ಉಗುಳಿ, ಮಾವನವರದು ಏನೂ ತಪ್ಪಿಲ್ಲವೆಂದು ಹೇಳಲು ನಾನು ಹೊರಟೆ. ಸೂಜಿಗಳು ನಿರ್ದೇಶಕರ ಕುರ್ಚಿಯ ಕಡೆಗೆ ಚೆಲ್ಲಿದ್ದರಿಂದ ಮೊದಲು ಅವರು ಕೂರದಂತೆ ತಡೆಯಬೇಕಾಯಿತು.

ಮಾವ ಮೈಕನ್ನು ಹತ್ತಿರಕ್ಕೆ ಎಳೆದುಕೊಂಡರು. ಏನೋ ನೆನಪಾಯಿತು ಎನ್ನುವುದು ಇಲ್ಲಿ ನಡೆಯುವಂತಿರಲಿಲ್ಲ. ತೀರಿಕೊಂಡವರ ನೆನಪೇ ಬಂತೆಂದು ಆಗುತ್ತಿತ್ತು. ನನ್ನ ಕಡೆ ನೋಡಿದರು. ತಪ್ಪೆಲ್ಲ ಇವನದು ಎಂದುಬಿಟ್ಟಿದ್ದರೆ ಅವರ ಮರ್ಯಾದೆ ಉಳಿಯುತ್ತಿತ್ತು, ನಮ್ಮ ಬೋರ್ಡು ಮಂಚದ ಕೆಳಗೇ ಕೊಳೆಯುತ್ತಿತ್ತು.

"ಕ್ಷಮಿಸಬೇಕು," ಎಂದರು. ಒಮ್ಮೆ ಕೆಮ್ಮಿದರು. "ನನಗೆ... ಕಚಗುಳಿ ಆಗುತ್ತೆ."

ಸಭೆಯಲ್ಲಿ ಆಗ ಕವಿದ ಮೌನದ ಮುಂದೆ ಮೊದಲಿನ ಮೌನ ಏನೇನೂ ಅಲ್ಲ.

"ಚಿಕ್ಕಂದಿನಿಂದ ಆಗುತ್ತೆ. ತುಂಬಾ ಆಗುತ್ತೆ. ಸರ್ವೀಸಿನಲ್ಲಿ ಇದ್ದಷ್ಟು ದಿನ ಯಾರಿಗೂ ಗೊತ್ತಾಗದ ಹಾಗೆ ನೋಡ್ಕೊಂಡೆ. ಸತ್ತವರ ಮೇಲೆ ನನಗೆ ಏನೂ ಇಲ್ಲ. ಅಷ್ಟೇ."

ಮೊದಲ ಸಾಲಿನಲ್ಲಿದ್ದ ಆ ಹೆಂಗಸು ನಿಧಾನವಾಗಿ ಮುಂದೆ ಬಂದರು. ಬೈಯುತ್ತಾರೆಂದು ನಾನು ಮಾವನ ಬೆನ್ನ ಹಿಂದೆ ಸರಿದೆ.

"ನಮ್ಮವರಿಗೂ ಆಗ್ತಿತ್ತು," ಎಂದರು ಆಕೆ. "ಅಂಗಾಲು. ಆಫೀಸಲ್ಲಿ ಯಾರಿಗೂ ಗೊತ್ತಾಗಬಾರದು ಅಂತ ಮನೇಲೂ ಕಾಲುಚೀಲ ಹಾಕ್ಕೊಂಡೇ ಇರ್ತಿದ್ರು." ಹೇಳುತ್ತ ಅವರಿಗೂ ನಗು ಬಂತು. ಕರವಸ್ತ್ರವನ್ನು ಕಣ್ಣಿಗೆ ಒತ್ತಿಕೊಂಡದ್ದು ಅಳುವಿಗೋ ನಗುವಿಗೋ ತಿಳಿಯಲಿಲ್ಲ.

ಆಮೇಲೆ ಸಭೆಯನ್ನು ತಡೆಯಲು ಆಗಲಿಲ್ಲ. ಮೂರನೇ ಸಾಲಿನಿಂದ ಒಬ್ಬರು ಎದ್ದು, "ನನಗೆ ಕತ್ತು," ಎಂದರು. ಅಳತೆ ವಿಭಾಗದ ಹಿರಿಯರೊಬ್ಬರು, "ಮಂಡಿ," ಎಂದರು. "ನಮ್ಮ ಸಾಹೇಬರಿಗೆ ಕಿವಿ ಹಿಂದೆ," ಎಂದು ನಿರ್ದೇಶಕರ ಡ್ರೈವರ್ ಬಾಗಿಲಿನಿಂದ ಕೂಗಿದ. ನಿರ್ದೇಶಕರು ಕುರ್ಚಿಯನ್ನು ಚೆನ್ನಾಗಿ ಪರೀಕ್ಷಿಸಿ ಕುಳಿತು ಸಭೆ ಮುಗಿಯಿತೆಂದು ಸಾರಿದರು.

ಮಾವ ಜಾರಿದ ತೋಳನ್ನು ಎಡಗೈಯಲ್ಲಿ ಹಿಡಿದುಕೊಂಡೇ ಮನೆಗೆ ಬಂದರು. ಷಡ್ಡಕ ಹಿಂದೆಯೇ ಬಂದು, "ಮಾವ, ತೋಳು ಬಿದ್ದಿತ್ತು. ಅಂದ್ಮೇಲೆ ಕೋಟು ಮೈಮೇಲೆ ಇತ್ತು ಅಂತ ಆಗೋದಿಲ್ಲ," ಎಂದ.

ಮಾವ ನಿಂತರು. ಸರ್ವೀಸಿನ ದಿನಗಳ ದನಿಯಲ್ಲಿ ಹೇಳಿದರು. "ಕೋಟು ಮೈಮೇಲಿರಬೇಕು ಅಂದಿದ್ದೆ. ತೋಳು ಎಲ್ಲಿರಬೇಕು ಅಂತ ಹೇಳಿರಲಿಲ್ಲ." ಜೇಬಿನಿಂದ ಕೀಲಿಕೈ ತೆಗೆದು ನನ್ನ ಹೆಂಡತಿಯ ಕೈಗೆ ಕೊಟ್ಟರು. ನನ್ನ ಕಡೆ ತಿರುಗಿ, "ಇವತ್ತೇ ಈ ಕೋಟು ಮುಗಿಸು. ಇನ್ನು ಮೇಲೆ ನನ್ನ ಮೈ ಮುಟ್ಟಬೇಡ," ಎಂದರು. ಅತ್ತೆ ಬಾಯಿ ತೆರೆದರು. "ನೀನು ಕತ್ತರಿ ಮುಟ್ಟಬೇಡ," ಎಂದರು ಅವರಿಗೂ.

ಬೋರ್ಡು ಮಂಚದ ಕೆಳಗಿನಿಂದ ಬಾಗಿಲ ಮೇಲಕ್ಕೆ ಏರಿತು. ಮಗ್ಗುಲು ಬದಲಿಸಿದರೂ ಸದ್ದಾಗದೆ ಎಷ್ಟೋ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಮೇಲಿನ ಮನೆಯ ನರ್ಸಮ್ಮ ಯಂತ್ರದೊಂದಿಗೆ ಬಂದು ಹೋಗುವಾಗಲೆಲ್ಲ ತಲೆ ಅಡ್ಡಡ್ಡ ಆಡಿಸುತ್ತಿದ್ದರು. ಔಷಧಿ ಅಂಗಡಿಯವನು ನನ್ನನ್ನು ಕಂಡರೆ ಕೈಬೀಸತೊಡಗಿದ. ಮಾವ ಜಗುಲಿಯಲ್ಲಿ ಪೇಪರು ಹಿಡಿದು ಕೂರುತ್ತಿದ್ದರು. ಒಂದೇ ಪುಟವನ್ನು ಬಹಳ ಹೊತ್ತು ಓದುತ್ತಿದ್ದರು.

ನಿಲ್ಲಿಸಿ ನೋಡು ಎಂದು ಮೇಷ್ಟ್ರು ಹೇಳಿದ್ದರಲ್ಲ, ನಾನು ನೋಡುತ್ತಿದ್ದೆ.

ಒಂದು ಬೆಳಿಗ್ಗೆ, ತಿಂಡಿಗೆ ಮುಂಚೆ, ಮಾವ ಕೋಟು ತೊಟ್ಟುಕೊಂಡು ಅಂಗಡಿಯೊಳಗೆ ಬಂದರು. "ಕಂಕುಳಲ್ಲಿ ಸ್ವಲ್ಪ ಬಿಗಿಯಾಗಿದೆ. ನೋಡು," ಎಂದರು. ನೋಡಿದೆ. ಬಿಗಿ ಇರಲಿಲ್ಲ. ಆದರೂ ಹಿರಿಯರ ಮಾತೆಂದು ಸ್ವಲ್ಪ ಸಡಿಲ ಮಾಡಿದೆ. ಮುಂದಿನ ವಾರ ಮತ್ತೆ ಬಿಗಿ ಎಂದರು. ಆಮೇಲೆ ಇನ್ನೂ ಬೇಗ ಬೇಗ ಬಿಗಿಯಾಗತೊಡಗಿತು. ಈಗ ಅದನ್ನು ಎಷ್ಟು ಸಡಿಲ ಮಾಡಿದ್ದೇನೆಂದರೆ ಮಾವನ ಜೊತೆಗೆ ಷಡ್ಡಕನನ್ನೂ ಅದರೊಳಗೆ ಸೇರಿಸಿ ಗುಂಡಿ ಹಾಕಬಹುದು. ಆದರೂ ಮಾವ ಬರುತ್ತಾರೆ. ಬಾಗಿಲು ಮುಚ್ಚಿ ಚಿಲಕ ಹಾಕುತ್ತಾರೆ. ಗೋಡೆಯ ಕಡೆ ಮುಖ ಮಾಡಿ ಎರಡೂ ಕೈ ಎತ್ತುತ್ತಾರೆ.

ಮೊನ್ನೆ ಧೈರ್ಯ ಮಾಡಿ ಕೇಳಿಯೇಬಿಡೋಣವೆಂದು, "ಮಾವ, ನಿಮಗೆ ಇದು..." ಎಂದು ಶುರುಮಾಡಿದೆ.

"ಮೊದಲು ಬಾಯಲ್ಲಿ ಸೂಜಿ ಇಟ್ಕೋ," ಎಂದರು ಮಾವ.

ಇಟ್ಟುಕೊಂಡೆ. ಹಾಗಾಗಿ ಅವರು ಬರುವುದು ಕೋಟಿಗಾಗಿಯೋ ಬೇರೆಯದಕ್ಕೋ, ಅದು ಅವರಿಗೆ ಇಷ್ಟವೋ ಅಲ್ಲವೋ ಎಂಬುದು ನನಗೆ ಇಂದಿಗೂ ಗೊತ್ತಿಲ್ಲ.